ಪಿಸ್ತೂಲು ಜಾಮ್ ಆದರೆ ತಪ್ಪು ಯಾರದ್ದು? ಪತ್ತೆ ಹಚ್ಚುವ ಬಗೆ

ಹೊಸ ಪಿಸ್ತೂಲು ಶೂಟಿಂಗ್ ರೇಂಜಿನಲ್ಲಿ ಅರ್ಧಕ್ಕೆ ನಿಂತಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹಿಡಿದು ಜಗ್ಗಿ, ಸಿಕ್ಕಿಕೊಂಡ ತೋಟಾವನ್ನು ನೆಲಕ್ಕೆ ಕೆಡವಿ, ಮುಂದಿನದನ್ನು ಹೊಡೆಯುತ್ತಾರೆ. ಪ್ರಾಣಕ್ಕೆ ಅಪಾಯ ಬಂದ ಹೊತ್ತಿನಲ್ಲಿ ಅದೇ ಸರಿ, ತರಬೇತಿಯಲ್ಲಿ ಕಲಿಸುವುದೂ ಅದನ್ನೇ. ಆದರೆ ದೋಷ ಎಲ್ಲಿದೆ ಎಂದು ಹುಡುಕಲು ಹೊರಟವರು ಹಾಗೆ ಮಾಡಿದರೆ ಸಾಕ್ಷಿಯೇ ಇಲ್ಲದಂತಾಗುತ್ತದೆ. ತೋಟಾ ಯಾವ ಕಡೆ ಮೂತಿ ಮಾಡಿ ನಿಂತಿತ್ತು, ಖಾಲಿ ಕೇಸ್ (ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಚಿಪ್ಪು) ಎಲ್ಲಿ ಕಚ್ಚಿಕೊಂಡಿತ್ತು, ಸ್ಲೈಡ್ ಎಷ್ಟು ಮುಚ್ಚಿತ್ತು, ಇವು ಮೂರೂ ಗೊತ್ತಿದ್ದರೆ ಅರ್ಧ ಉತ್ತರ ಸಿಕ್ಕಂತೆ. "ಗನ್ ಜಾಮ್ ಆಗ್ತಿದೆ" ಎಂದಷ್ಟೇ ಹೇಳಿದರೆ ಬಂದೂಕು ರಿಪೇರಿ ಮಾಡುವ ಯಾವ ಆರ್ಮರರ್‌ಗೂ ಯಾವ ಕಂಪನಿಗೂ ಏನೂ ತಿಳಿಯುವುದಿಲ್ಲ.

ಇಲ್ಲಿರುವುದು ಮುಖ್ಯವಾಗಿ 9 ಮಿ.ಮೀ ಸೆಮಿ ಆಟೊಮ್ಯಾಟಿಕ್ ಪಿಸ್ತೂಲುಗಳ ವಿಚಾರ, ಅದೂ ಅಮೆರಿಕದ ಮಾರುಕಟ್ಟೆಯದ್ದು. ಕಾರ್ಖಾನೆಯಿಂದಲೇ ದೋಷ ಹೊತ್ತು ಬಂದ ಪಿಸ್ತೂಲುಗಳ ದಾಖಲೆ ಹೆಚ್ಚಾಗಿ ಸಿಗುವುದು ಅಲ್ಲಿ. ಭಾರತದಲ್ಲಿ 9 ಮಿ.ಮೀ ನಿಷೇಧಿತ ಬೋರ್ (ನಳಿಗೆಯ ಅಳತೆ). ಪರವಾನಗಿ ಇರುವವರ ಕೈಯಲ್ಲಿ ಹೆಚ್ಚಾಗಿ ಕಾಣುವುದು .32 ಬೋರಿನದ್ದು. ಆ ತೋಟಾಕ್ಕೇ ಮೀಸಲಾದ ಒಂದು ತೊಂದರೆ ಇದೆ, ಅದನ್ನೂ ಅದರ ಜಾಗದಲ್ಲಿ ಹೇಳುತ್ತೇನೆ.

ಬಿಡಿಸುವ ಮುನ್ನ ಎರಡು ಎಚ್ಚರಿಕೆ

ಟ್ರಿಗರ್ ಒತ್ತಿದಾಗ ಬರೀ "ಟಕ್" ಎಂದು ಸದ್ದಾಗಿ ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ. ಪ್ರೈಮರ್ (ತೋಟಾದ ತಳದಲ್ಲಿರುವ, ಮದ್ದಿಗೆ ಕಿಡಿ ಕೊಡುವ ಬಿಲ್ಲೆ) ಹೊತ್ತಿಕೊಂಡು ಮದ್ದಿಗೆ ಬೆಂಕಿ ತಡವಾಗಿ ತಗಲುವುದುಂಟು. ತೀರಾ ಅಪರೂಪ, ಆದರೆ ಆ ಹೊತ್ತಿಗೆ ನೀವು ಚೇಂಬರ್ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ತೆರೆದಿದ್ದರೆ ಕೇಸ್ ನಿಮ್ಮ ಕೈಯ ಪಕ್ಕದಲ್ಲೇ ಸಿಡಿಯುತ್ತದೆ.

ಎರಡನೆಯದು ಇನ್ನೂ ಕೆಟ್ಟದ್ದು. ಸದ್ದು ಎಂದಿನಂತೆ ಬರದೆ "ಫುಸ್" ಎಂದರೆ, ಕೈಗೆ ಒದೆತ ತಿಳಿಯದೇ ಹೋದರೆ, ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ತೆಗೆದು, ಚೇಂಬರ್ ಖಾಲಿ ಮಾಡಿ, ಪಿಸ್ತೂಲು ಬಿಚ್ಚಿ, ನಳಿಗೆಯನ್ನು ಹೊರತೆಗೆದು ಹಿಂಬದಿಯಿಂದ ಟಾರ್ಚ್ ಬಿಟ್ಟು ನೋಡಿ. ಬೆಳಕು ಆಚೆ ಕಾಣದಿದ್ದರೆ ಆರ್ಮರರ್ ಹತ್ತಿರ ಒಯ್ಯಿರಿ. ನೀವೇ ಸುತ್ತಿಗೆ ಹಿಡಿಯಬೇಡಿ.

ನಿಂತ ರೀತಿಯೇ ಸುಳಿವು

ಬೆರಳು ಟ್ರಿಗರಿನಿಂದ ಹೊರಗೆ, ನಳಿಗೆ ಗುರಿಯತ್ತ. ಪಿಸ್ತೂಲನ್ನು ತುಸು ಓರೆ ಮಾಡಿ, ಖಾಲಿ ಕೇಸ್ ಹೊರಬರುವ ಕಿಂಡಿಯೊಳಗೆ ನೋಡಿ. ರೇಂಜ್ ಆಫೀಸರ್ ಒಪ್ಪಿದರೆ ಫೋನಿನಲ್ಲಿ ಒಂದು ಫೋಟೊ ತೆಗೆಸಿಕೊಳ್ಳಿ, ಆಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ.

ತೋಟಾ ಮೂತಿ ಕೆಳಗೆ ಮಾಡಿ, ಚೇಂಬರಿಗೆ ಹತ್ತಿಸುವ ಇಳಿಜಾರಿಗೆ ಗುದ್ದಿ ನಿಂತಿದ್ದರೆ ಮೊದಲ ಅನುಮಾನ ಮ್ಯಾಗಜಿನ್ ಮೇಲೆ. ಖಾಲಿ ಕೇಸ್ ಕಿಂಡಿಯಲ್ಲಿ ನೆಟ್ಟಗೆ ನಿಂತು ಸ್ಲೈಡ್ ಅದನ್ನು ಕಚ್ಚಿ ಹಿಡಿದಿದ್ದರೆ ಸ್ಲೈಡ್ ಬೇಕಾದಷ್ಟು ರಭಸದಲ್ಲಿ ಹಿಂದಕ್ಕೆ ಹೋಗಿಲ್ಲ, ಇಲ್ಲವೇ ಕೇಸನ್ನು ಹಿಡಿಯುವ ಕೊಕ್ಕೆ, ಅಂದರೆ ಎಕ್ಸ್‌ಟ್ರ್ಯಾಕ್ಟರ್, ಸಡಿಲ. ತೋಟಾದ ಬಲ ಕಡಿಮೆಯೇ, ಹಿಡಿದ ಕೈ ಸಡಿಲವೇ, ಎಕ್ಸ್‌ಟ್ರ್ಯಾಕ್ಟರ್ ಕೆಟ್ಟಿದೆಯೇ ಎಂದು ಆ ಕ್ರಮದಲ್ಲೇ ನೋಡಿ. ಖಾಲಿ ಕೇಸ್ ಚೇಂಬರಿನಲ್ಲೇ ಉಳಿದು, ಅದರ ಬೆನ್ನಿಗೆ ಹೊಸ ತೋಟಾ ಬಂದು ಗುದ್ದಿದ್ದರೆ ಎಕ್ಸ್‌ಟ್ರ್ಯಾಕ್ಟರ್ ಕೇಸನ್ನು ಬಿಟ್ಟುಬಂದಿದೆ ಅಥವಾ ಚೇಂಬರ್ ಒರಟಾಗಿದೆ ಎಂದರ್ಥ. ಸ್ಲೈಡ್ ಕೂದಲೆಳೆಯಷ್ಟು ಮುಚ್ಚದೆ ನಿಂತಿದ್ದರೆ ಕೊಳೆ, ಉದ್ದ ಹೆಚ್ಚಾದ ತೋಟಾ, ಬಿಗಿ ಚೇಂಬರ್ ಅಥವಾ ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಸೋತಿರುವುದು ಕಾರಣ.

ಹಾರದೆ ಉಳಿದ ತೋಟಾವನ್ನು ಎಸೆಯುವ ಮುನ್ನ ಅದರ ಪ್ರೈಮರನ್ನು ಬೆಳಕಿಗೆ ಹಿಡಿಯಿರಿ. ಈ ಪುಟ್ಟ ಬಿಲ್ಲೆಯಷ್ಟು ಹೇಳುವ ವಸ್ತು ಪಿಸ್ತೂಲಿನಲ್ಲಿ ಇನ್ನೊಂದಿಲ್ಲ. ನಟ್ಟನಡುವೆ ಆಳವಾದ ಗುಳಿ ಬಿದ್ದೂ ಹಾರದಿದ್ದರೆ ಪಿಸ್ತೂಲು ತನ್ನ ಕೆಲಸ ಮಾಡಿದೆ, ತೋಟಾ ಕೆಟ್ಟದ್ದು. ಗುಳಿ ತೆಳ್ಳಗಿದ್ದರೆ ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್ನಿಗೆ ಬಲ ಸಾಲುತ್ತಿಲ್ಲ. ಸ್ಪ್ರಿಂಗ್ ಸೋತಿರಬಹುದು, ಪಿನ್ ಓಡಾಡುವ ರಂಧ್ರದಲ್ಲಿ ಎಣ್ಣೆ, ಮಸಿ ಸೇರಿ ಗಟ್ಟಿಯಾಗಿರಬಹುದು. ಹೊಸ ಪಿಸ್ತೂಲಿನಲ್ಲಿ ಕಾರ್ಖಾನೆ ಹಚ್ಚಿ ಕಳಿಸಿದ ದಪ್ಪ ಗ್ರೀಸೇ ಅಲ್ಲಿ ಕೂತಿರುವುದೂ ಉಂಟು. ಗುಳಿ ಅಂಚಿಗೆ ಸರಿದಿದ್ದರೆ ಸ್ಲೈಡ್ ಪೂರ್ತಿ ಮುಚ್ಚಿರಲಿಲ್ಲವೇ ಎಂದು ನೋಡಿ. ಅದೇ ತೋಟಾ ಎರಡನೇ ಹೊಡೆತಕ್ಕೆ ಹಾರಿದರೆ ಪ್ರೈಮರ್ ಕಾರ್ಖಾನೆಯಲ್ಲಿ ಪೂರ್ತಿ ಒಳಗೆ ಕೂತಿರಲಿಲ್ಲ ಎಂಬ ಅನುಮಾನ ಬಲವಾಗುತ್ತದೆ. ಮೊದಲ ಹೊಡೆತ ಅದನ್ನು ಒಳಗೆ ಕೂರಿಸಿತು, ಎರಡನೆಯದು ಹೊತ್ತಿಸಿತು.

ಮ್ಯಾಗಜಿನ್

ಮ್ಯಾಗಜಿನ್‌ಗಳ ತಳಕ್ಕೆ ಇವತ್ತೇ ಬಣ್ಣದ ಪೆನ್ನಿನಲ್ಲಿ 1, 2, 3 ಎಂದು ಬರೆಯಿರಿ. ತಡೆ ಆದಾಗಲೆಲ್ಲ ಯಾವ ನಂಬರಿನದ್ದು ಎಂದು ಗುರುತು ಹಾಕಿಕೊಳ್ಳಿ. ಎಲ್ಲ ತಡೆಗಳೂ 2ನೇ ನಂಬರಿನಲ್ಲೇ ಆಗುತ್ತಿದ್ದರೆ ವಿಚಾರಣೆ ಅಲ್ಲಿಗೇ ಮುಗಿಯಿತು. ಅದರ ಮೇಲ್ತುದಿಯ ತುಟಿಗಳು ಅಗಲವಾಗಿವೆಯೇ, ಒಳಗೆ ಮರಳು ಇದೆಯೇ, ತೋಟಾ ಮೇಲೆತ್ತುವ ಪ್ಲಾಸ್ಟಿಕ್ ತುಂಡು ಅಡ್ಡ ವಾಲುತ್ತಿದೆಯೇ ನೋಡಿ, ಇಲ್ಲವೇ ಹೊಸದು ಕೊಳ್ಳಿ.

ಮ್ಯಾಗಜಿನ್ನಿನ ತಪ್ಪಿಗೆ ಪಿಸ್ತೂಲು ಹೆಸರು ಕೆಡಿಸಿಕೊಂಡದ್ದಕ್ಕೆ ಇರಾಕಿಗಿಂತ ಒಳ್ಳೆಯ ಉದಾಹರಣೆ ಬೇಡ. 2003ರ ಯುದ್ಧದ ನಂತರ ಅಮೆರಿಕದ ಸೈನಿಕರು ಬೆರೆಟಾ ಕಂಪನಿಯ ತಮ್ಮ ಎಂ9 ಪಿಸ್ತೂಲು ಮರುಭೂಮಿಯಲ್ಲಿ ಕೈಕೊಡುತ್ತದೆ ಎಂದು ದೂರಿದರು. ಬೆರೆಟಾ ಪಿಸ್ತೂಲೇ ಸರಿಯಿಲ್ಲ ಎಂಬ ಮಾತು ಹಬ್ಬಿತು. ಹುಡುಕಿ ನೋಡಿದರೆ ಬೇರೆ ಗುತ್ತಿಗೆದಾರರು ಪೂರೈಸಿದ ಮ್ಯಾಗಜಿನ್‌ಗಳಿಗೆ ಒರಟಾದ ಫಾಸ್ಫೇಟ್ ಲೇಪನವಿತ್ತು. ಅದನ್ನು ಕೇಳಿದ್ದು ಸರ್ಕಾರದ ಗುತ್ತಿಗೆಯೇ. ಹಿಟ್ಟಿನಂಥ ಮರಳು ಆ ಒರಟು ಮೈಗೆ ಹಿಡಿದು ತೋಟಾ ಮೇಲಕ್ಕೆ ಏರುತ್ತಿರಲಿಲ್ಲ. ಒಳಮೈ ನುಣುಪಾಗಿರುವ, ಮರಳು ಹಿಡಿಯದ ಮ್ಯಾಗಜಿನ್ ಬಂದ ಮೇಲೆ ದೂರು ಇಳಿಯಿತು. ಪಿಸ್ತೂಲಿನ ಒಂದು ತಿರುಪೂ ಬದಲಾಗಿರಲಿಲ್ಲ.

ತೋಟಾ

9 ಮಿ.ಮೀ ತೋಟಾದ ಒಟ್ಟು ಉದ್ದ 29.69 ಮಿ.ಮೀ ಮೀರಬಾರದು ಎಂದು ಅಮೆರಿಕದ ಸಾಮಿ (ಬಂದೂಕು, ತೋಟಾ ತಯಾರಕರ ಸಂಸ್ಥೆ) ಮಾನದಂಡ ಹೇಳುತ್ತದೆ. ಚೇಂಬರಿನಲ್ಲಿ ಕೂರುತ್ತದೆಯೋ ಇಲ್ಲವೋ ಎಂದು ತಿಳಿಯಲು ಅಳತೆಯ ಉಪಕರಣವೇನೂ ಬೇಡ. ಪಿಸ್ತೂಲು ಬಿಚ್ಚಿ, ನಳಿಗೆಯನ್ನು ಒಂದೇ ಹೊರತೆಗೆದು, ಮೂತಿ ಕೆಳಗೆ ಮಾಡಿ ಹಿಡಿದು, ತೋಟಾವನ್ನು ಚೇಂಬರಿಗೆ ಬಿಡಿ. "ಟಣ್" ಎಂದು ತಳ ಮುಟ್ಟಬೇಕು, ಬೆರಳಿನಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ನಳಿಗೆ ಮೇಲೆ ಕೆಳಗೆ ಮಾಡಿದರೆ ತನ್ನ ಭಾರಕ್ಕೇ ಜಾರಿ ಬೀಳಬೇಕು. ಸದ್ದು ಮಂದವಾಗಿ, ತೋಟಾ ಬಿಗಿಯಾಗಿ ಕೂತರೆ ಬೇರೆ ಕಂಪನಿಯ ತೋಟಾ ಹಾಕಿ ನೋಡಿ. ಎಲ್ಲ ಕಂಪನಿಯದ್ದೂ ಬಿಗಿಯಾದರೆ ಚೇಂಬರನ್ನೇ ಸಣ್ಣದಾಗಿ ಕೊರೆದಿದ್ದಾರೆ ಎಂದು ಅನುಮಾನಿಸಬೇಕು.

ಚಿಕ್ಕ ಪಿಸ್ತೂಲುಗಳಲ್ಲಿ ರಿಕಾಯಿಲ್ ಸ್ಪ್ರಿಂಗ್ ಬಿಗಿ. ಅಗ್ಗದ 115 ಗ್ರೇನ್ (ಗುಂಡಿನ ತೂಕದ ಅಳತೆ) ತೋಟಾಕ್ಕೆ ಸ್ಲೈಡ್ ಪೂರ್ತಿ ಹಿಂದೆ ಹೋಗದೇ ಇರಬಹುದು, 124 ಗ್ರೇನಿನದ್ದು ಹಾಕಿದರೆ ತಡೆ ಮಾಯವಾಗಬಹುದು. ಕೆಲವು ಕಂಪನಿಗಳು ತಮ್ಮ ಕೈಪಿಡಿಯಲ್ಲೇ "ಮೊದಲ 200 ಗುಂಡು ಪಳಗಲಿಕ್ಕೆ" ಎಂದು ಬರೆಯುತ್ತವೆ. ನನ್ನ ಅಭಿಪ್ರಾಯದಲ್ಲಿ ಆ ಮಾತಿಗೆ ಅಲ್ಲಿಯವರೆಗೆ ಮಾತ್ರ ಬೆಲೆ. 200 ದಾಟಿದ ಮೇಲೂ "ಪಳಗಲಿ ಬಿಡಿ" ಎಂದರೆ ಒಪ್ಪಬೇಡಿ.

.22 ಬಳಸುವವರಿಗೆ ಒಂದು ಮಾತು. ಆ ತೋಟಾದಲ್ಲಿ ಪ್ರೈಮರ್ ಮದ್ದು ಇರುವುದು ಅಂಚಿನ ಸುತ್ತ. ಒಂದೆಡೆ ಮದ್ದು ಹರಡದೇ ಹೋಗಿದ್ದರೆ, ಪಿನ್ ಅಲ್ಲೇ ಬಡಿದರೆ, ಹಾರುವುದಿಲ್ಲ. ಕಾದು, ತೆಗೆದು, ತಿರುಗಿಸಿ ಹಾಕಿದಾಗ ಹಾರಿದರೆ ಪಿಸ್ತೂಲಿನ ತಂಟೆಗೆ ಹೋಗಬೇಡಿ.

ಇನ್ನು .32. ಬಂದೂಕು ವಿನ್ಯಾಸಕ ಬ್ರೌನಿಂಗ್ 1899ರಲ್ಲಿ ರೂಪಿಸಿದ ಈ ಪಿಸ್ತೂಲಿನ ತೋಟಾದ ಹಿಂದಿನ ಅಂಚು ಮೈಗಿಂತ ತುಸು ಹೊರಚಾಚಿದೆ. ಮ್ಯಾಗಜಿನ್ನಿನಲ್ಲಿ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಜಾರಿದರೆ ಎರಡೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಸ್ಲೈಡ್ ಎಷ್ಟು ತಳ್ಳಿದರೂ ಮೇಲಿನದು ಮುಂದೆ ಹೋಗುವುದಿಲ್ಲ. ಸ್ಲೈಡ್ ಜಗ್ಗಿದರೂ ಇದು ಬಿಡಿಸಿಕೊಳ್ಳುವುದಿಲ್ಲ, ಮ್ಯಾಗಜಿನ್ ಹೊರತೆಗೆದು ತೋಟಾಗಳನ್ನು ಒಂದೊಂದಾಗಿ ಬಿಡಿಸಬೇಕು. ಉದ್ದ ಕಡಿಮೆ ಇರುವ ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿ ಇರುವ) ತೋಟಾ ಹಾಕಿದಾಗ ಮ್ಯಾಗಜಿನ್ನಿನಲ್ಲಿ ಮುಂದೆ ಜಾಗ ಉಳಿದು, ತೋಟಾಗಳು ಹಿಂದೆ ಮುಂದೆ ಓಡಾಡಿ ಹೀಗಾಗುವುದು ಹೆಚ್ಚು. ಪೂರ್ಣ ಉದ್ದದ, ದುಂಡು ಮೂತಿಯ ತೋಟಾ ಬಳಸಿ. ತುಂಬುವಾಗ ಪ್ರತಿ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ಭಾರತದಲ್ಲಿ .32 ಪಿಸ್ತೂಲು ಇರುವವರು ಎಷ್ಟೋ ಸಲ ಕಾರ್ಖಾನೆಯನ್ನು ಬೈಯುವ ತಡೆ ಇದೇ ಇರಬಹುದು, ಮೊದಲು ಇದನ್ನು ತೊಡೆದುಹಾಕಿ.

ಹಿಡಿದ ಕೈ

ಇದನ್ನು ಹೇಳಿದರೆ ಜನರಿಗೆ ಬೇಸರ, ಆದರೂ ಹೇಳಬೇಕು. ಹಗುರ ಪಾಲಿಮರ್ ಪಿಸ್ತೂಲಿನಲ್ಲಿ ಮಣಿಕಟ್ಟು ಸಡಿಲ ಬಿಟ್ಟರೆ ಇಡೀ ಪಿಸ್ತೂಲು ಸ್ಲೈಡಿನ ಜೊತೆಗೇ ಹಿಂದಕ್ಕೆ ಬರುತ್ತದೆ, ಸ್ಲೈಡಿನ ಓಟ ಕುಗ್ಗುತ್ತದೆ. ಕೊನೆಯ ಗುಂಡಿನ ನಂತರ ಸ್ಲೈಡ್ ತೆರೆದು ನಿಲ್ಲದಿದ್ದರೆ ನಿಮ್ಮ ಹೆಬ್ಬೆರಳು ಅದನ್ನು ತಡೆದು ನಿಲ್ಲಿಸುವ ಸ್ಲೈಡ್ ಸ್ಟಾಪ್ ಮೇಲೆ ಕೂತಿದೆಯೇ ನೋಡಿ. ಪರೀಕ್ಷೆ ಸುಲಭ: ಅದೇ ಪಿಸ್ತೂಲು, ಅದೇ ಮ್ಯಾಗಜಿನ್, ಅದೇ ತೋಟಾವನ್ನು ಪಳಗಿದ ಕೈಯವರೊಬ್ಬರಿಗೆ ರೇಂಜಿನಲ್ಲೇ ಕೊಡಿ. ಅವರ ಕೈಯಲ್ಲೂ ನಿಂತರೆ ನಿಮ್ಮ ಕೈ ಆರೋಪದಿಂದ ಮುಕ್ತ.

ಪಿಸ್ತೂಲೇ ಆಗಿದ್ದರೆ

ಮ್ಯಾಗಜಿನ್ ಬದಲಿಸಿದಿರಿ, ಎರಡು ಮೂರು ಕಂಪನಿಯ ತೋಟಾ ಹಾಕಿದಿರಿ, ಕೈ ಬದಲಿಸಿದಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿದಿರಿ. ಆದರೂ ಅದೇ ತಡೆ, ಅದೇ ರೀತಿ. ಈಗ ಪಿಸ್ತೂಲಿನ ಸರದಿ.

ಚೊಕ್ಕ ಮಾಡಿ, ಸ್ಲೈಡ್ ಬೇರೆ ಮಾಡಿ, ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆಯ ಮೇಲೆ ಬೆಳಕು ಬಿಡಿ. ತುದಿ ಚೂಪಾಗಿ, ಸಮನಾಗಿ ಇರಬೇಕು. ಮುರಿದ ಮೂಲೆ, ಉಳಿದುಹೋದ ಲೋಹದ ಚೂರು, ಕೊಕ್ಕೆಯ ಕೆಳಗೆ ಗಟ್ಟಿಯಾದ ಹಿತ್ತಾಳೆ ಪುಡಿ ಭೂತಗನ್ನಡಿಯಲ್ಲಿ ಚೆನ್ನಾಗಿ ಕಾಣುತ್ತವೆ. ಒಂದು ಡಮ್ಮಿ (ಮದ್ದಿಲ್ಲದ) ತೋಟಾವನ್ನು ಕೊಕ್ಕೆಯ ಕೆಳಗೆ ತೂರಿಸಿ ಸ್ಲೈಡನ್ನು ಮೆಲ್ಲಗೆ ಅಲುಗಿಸಿ. ಥಟ್ಟನೆ ಕಳಚಿ ಬಿದ್ದರೆ ಹಿಡಿತ ಸಾಲದು. ಆದರೆ ಇಲ್ಲೊಂದು ವ್ಯತ್ಯಾಸವಿದೆ: ಕೋಲ್ಟ್‌ನ ಹಳೆಯ 1911 ಮಾದರಿಯಲ್ಲಿ ಎಕ್ಸ್‌ಟ್ರ್ಯಾಕ್ಟರ್ ತಾನೇ ಸ್ಪ್ರಿಂಗ್ ಆಗಿರುವುದರಿಂದ ಈ ಪರೀಕ್ಷೆಗೆ ಅರ್ಥ ಹೆಚ್ಚು. ಈಗಿನ ಪಿಸ್ತೂಲುಗಳಲ್ಲಿ ಇದು ಬರೀ ಸುಳಿವು, ತೀರ್ಪಲ್ಲ. ಚೇಂಬರಿನ ಒಳಮೈಯಲ್ಲಿ ಕೊರೆದ ಗೆರೆಗಳು ಉಂಗುರ ಉಂಗುರವಾಗಿ ಕಂಡರೆ, ಹೊರಬಂದ ಖಾಲಿ ಕೇಸಿನ ಮೇಲೂ ಅದೇ ಗೆರೆ ಮೂಡಿದ್ದರೆ, ಕಾರ್ಖಾನೆಯಲ್ಲಿ ಹಾಳಾದ ಉಪಕರಣ ಬಳಸಿದ್ದಾರೆ, ನೋಡಬೇಕಾದವರು ನೋಡಿಲ್ಲ.

ಇಷ್ಟು ಕಂಡ ಮೇಲೆ ಅರ ಹಿಡಿದು ಉಜ್ಜಲು ಹೋಗಬೇಡಿ. ಇಳಿಜಾರನ್ನು ಪಾಲಿಶ್ ಮಾಡುವುದು, ಕೊಕ್ಕೆ ಬಗ್ಗಿಸುವುದು, ಸ್ಪ್ರಿಂಗ್ ಕತ್ತರಿಸುವುದೆಲ್ಲ ವೀಡಿಯೊಗಳಲ್ಲಿ ಸುಲಭವಾಗಿ ಕಾಣುತ್ತದೆ. ನೀವು ಒಮ್ಮೆ ಕೈ ಹಾಕಿದರೆ ವಾರಂಟಿ ಹೋಯಿತು, ಮೂಲ ದೋಷ ಯಾರದ್ದೆಂದು ಸಾಬೀತು ಮಾಡುವ ದಾರಿಯೂ ಹೋಯಿತು. ಹಣ ಕೊಟ್ಟು ಕೊಂಡವರು ಕಾರ್ಖಾನೆಯ ಬಾಕಿ ಕೆಲಸ ಮಾಡಿಕೊಡಬೇಕಾಗಿಲ್ಲ.

ಕಾರ್ಖಾನೆಯ ತಪ್ಪು ಹೇಗಿರುತ್ತದೆ

ಕಾರ್ಖಾನೆಯ ದೋಷ ಬಿಡಿಯಾಗಿ ಬರುವುದು ಕಡಿಮೆ, ಒಂದು ಅವಧಿಯಲ್ಲಿ ತಯಾರಾದ ಕಂತಿನ ಜೊತೆ ಬರುತ್ತದೆ. ಹಾಗಾಗಿ ಸೀರಿಯಲ್ ನಂಬರೇ ನಿಮ್ಮ ಮುಖ್ಯ ಸುಳಿವು.

ಸ್ಮಿತ್ ಆ್ಯಂಡ್ ವೆಸನ್ 2020ರ ನವೆಂಬರಿನಲ್ಲಿ ತನ್ನ ಎಂ ಆ್ಯಂಡ್ ಪಿ 9 ಶೀಲ್ಡ್ ಇಝಡ್ ಪಿಸ್ತೂಲುಗಳನ್ನು ಹಿಂದಕ್ಕೆ ಕರೆಯಿತು. 2020ರ ಮಾರ್ಚ್ 1ರಿಂದ ಅಕ್ಟೋಬರ್ 31ರ ನಡುವೆ ತಯಾರಾದವು ಮಾತ್ರ. ಕೆಲವದರಲ್ಲಿ ಹ್ಯಾಮರ್ (ಫೈರಿಂಗ್ ಪಿನ್ನಿಗೆ ಬಡಿಯುವ ಭಾಗ) ನಿಗದಿತ ಗುಣಮಟ್ಟಕ್ಕೆ ಇರಲಿಲ್ಲ. ಅದು ಬಿರುಕು ಬಿಟ್ಟರೆ ಗುಂಡು ಹಾರದೇ ಇರಬಹುದು, ಒಮ್ಮೆ ಒತ್ತಿದರೆ ಒಂದಕ್ಕಿಂತ ಹೆಚ್ಚೂ ಹಾರಬಹುದು. ವಿನ್ಯಾಸ ಸರಿಯಿದ್ದು, ಬಿಡಿಭಾಗ ಕೆಟ್ಟ ಸ್ಪಷ್ಟ ಉದಾಹರಣೆ ಇದು.

ರೆಮಿಂಗ್ಟನ್ ಕಂಪನಿಯ ಆರ್51 ಪಿಸ್ತೂಲಿನ ಕತೆ ಇನ್ನೊಂದು ಬಗೆಯದ್ದು. 2014ರ ಆರಂಭದಲ್ಲಿ ಪತ್ರಕರ್ತರ ಕೈಗೆ ಕೊಟ್ಟ ಮಾದರಿಗಳು ಚೆನ್ನಾಗಿ ಓಡಿದವು, ಹೊಗಳಿಕೆ ಬಂತು. ಅಂಗಡಿಗೆ ಬಂದವು ಓಡಲಿಲ್ಲ. ಅದೇ ವರ್ಷ ಕಂಪನಿ ತಯಾರಿಕೆ ನಿಲ್ಲಿಸಿ, ಪ್ರಯೋಗದ ಮಾದರಿಯಿಂದ ದೊಡ್ಡ ಪ್ರಮಾಣದ ತಯಾರಿಕೆಗೆ ಹೋಗುವಾಗ ತೊಡಕಾಯಿತು ಎಂದು ಒಪ್ಪಿ, ಕೊಂಡವರಿಗೆ ಹೊಸದು ಕೊಡುವುದಾಗಿ ಹೇಳಿತು. ಹೊಸ ಆವೃತ್ತಿ ಬಂದದ್ದು 2016ರಲ್ಲಿ. ಹೊಸ ಪಿಸ್ತೂಲು ಬಿಡುಗಡೆಯಾದ ವಾರವೇ ಕೊಳ್ಳಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಗ್ಲಾಕ್ ಪಿಸ್ತೂಲಿನ ನಾಲ್ಕನೇ ಪೀಳಿಗೆ, ಜೆನ್4, ಬಂದದ್ದು 2010ರಲ್ಲಿ, ಎರಡು ಸುರುಳಿಯ ಹೊಸ ರಿಕಾಯಿಲ್ ಸ್ಪ್ರಿಂಗ್ ಜೊತೆ. 2011ರಲ್ಲಿ ಕಂಪನಿಯೇ ಆ ಸ್ಪ್ರಿಂಗ್‌ಗಳನ್ನು ಉಚಿತವಾಗಿ ಬದಲಿಸಿಕೊಟ್ಟಿತು. ಅದೇ ಕಾಲದ 9 ಮಿ.ಮೀ ಗ್ಲಾಕ್‌ಗಳಲ್ಲಿ ಖಾಲಿ ಕೇಸ್ ಬಲಕ್ಕೆ ಹಾರುವ ಬದಲು ನೇರ ಮುಖಕ್ಕೆ ಬಡಿಯುತ್ತಿದ್ದ ದೂರುಗಳಿದ್ದವು. 336 ಎಂದು ಗುರುತಿದ್ದ ಎಜೆಕ್ಟರ್ (ಖಾಲಿ ಕೇಸನ್ನು ಹೊರಕ್ಕೆ ಚಿಮ್ಮಿಸುವ ತುಂಡು) ಜಾಗಕ್ಕೆ 30274 ಬಂತು. ನಿಮ್ಮ ಖಾಲಿ ಕೇಸ್‌ಗಳು ಎಲ್ಲಿ ಬೀಳುತ್ತವೆ ಎಂದು ಗಮನಿಸಿ. ಒಂದೇ ಕಡೆ ಗುಪ್ಪೆಯಾಗಿ ಬಿದ್ದರೆ ಒಳ್ಳೆಯದು. ಒಮ್ಮೆ ಮುಖಕ್ಕೆ, ಒಮ್ಮೆ ಕಾಲಡಿಗೆ ಬಿದ್ದರೆ ಎಕ್ಸ್‌ಟ್ರ್ಯಾಕ್ಟರ್, ಎಜೆಕ್ಟರ್ ಎರಡನ್ನೂ ತೋರಿಸಿ.

ಲೋಹವೇ ಕೆಟ್ಟಾಗ ಏನಾಗುತ್ತದೆ ಎಂಬುದಕ್ಕೆ ಮತ್ತೆ ಬೆರೆಟಾ. ಅಮೆರಿಕದ ಸೈನ್ಯ 1985ರಲ್ಲಿ ಆರಿಸಿದ ಈ ಪಿಸ್ತೂಲಿನ ಕೆಲವು ಸ್ಲೈಡ್‌ಗಳು ನಂತರದ ವರ್ಷಗಳಲ್ಲಿ ನಡುವೆ ಮುರಿದು, ಹಿಂದಿನ ತುಂಡು ಹಾರಿ ಹೊಡೆಯುತ್ತಿದ್ದವರಿಗೇ ಗಾಯವಾಯಿತು. ತೋಟಾದ ಒತ್ತಡ ಹೆಚ್ಚಿತ್ತೋ ಲೋಹ ಬಡವಾಗಿತ್ತೋ ಎಂದು ದೊಡ್ಡ ವಾದ ನಡೆಯಿತು, ಸ್ಲೈಡಿನ ಲೋಹದ ಗಟ್ಟಿತನ ಸಾಲದು ಎಂಬುದು ಪರೀಕ್ಷೆಯಲ್ಲಿ ಹೊರಬಿತ್ತು. ಕಂಪನಿ ಹ್ಯಾಮರ್ ಪಿನ್ನಿನ ತಲೆ ದೊಡ್ಡದು ಮಾಡಿ, ಸ್ಲೈಡ್ ಮುರಿದರೂ ಹಿಂದಿನ ತುಂಡು ಹಾರದಂತೆ ತಡೆ ಕೊಟ್ಟಿತು. 92ಎಫ್‌ಎಸ್ ಎಂಬ ಹೆಸರಿನಲ್ಲಿ ಇಂದೂ ಸಿಗುವುದು ಆ ರೂಪ. ಸ್ಲೈಡಿನ ಮೇಲೆ ಬಿರುಕಿನ ಗೆರೆ ಕಂಡರೆ "ಇನ್ನೊಂದು ಮ್ಯಾಗಜಿನ್ ನೋಡೋಣ" ಎನ್ನದಿರಲು ಇಷ್ಟು ಸಾಕು.

ಪರೀಕ್ಷಿಸಲೇಬಾರದ ದೋಷಗಳು

ಒಮ್ಮೆ ಒತ್ತಿದಾಗ ಎರಡು ಹಾರಿದರೆ, ಸೇಫ್ಟಿ ತೆಗೆದಾಗಲೇ ಹಾರಿದರೆ, ಕೆಳಗೆ ಬಿದ್ದಾಗ ಹಾರಿದರೆ "ಇನ್ನೊಮ್ಮೆ ಆಗುತ್ತದಾ ನೋಡೋಣ" ಎನ್ನಬೇಡಿ. ಖಾಲಿ ಮಾಡಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ.

ಸಾಮಿ ಮಾನದಂಡದ ಪ್ರಕಾರ ಪಿಸ್ತೂಲು 4 ಅಡಿಯಿಂದ ರಬ್ಬರ್ ಹಾಸಿನ ಮೇಲೆ ಬಿದ್ದರೂ ಹಾರಬಾರದು. ಆ ಪರೀಕ್ಷೆಯಲ್ಲಿ ಕೋನಗಳು ನಿಗದಿ. ಸಿಗ್ ಸಾವರ್ ಪಿ320 ಈ ಪರೀಕ್ಷೆಗಳನ್ನು ಪಾಸಾಗಿತ್ತು, 2017ರ ಜನವರಿಯಲ್ಲಿ ಅಮೆರಿಕದ ಸೈನ್ಯದ ಗುತ್ತಿಗೆಯೂ ಅದಕ್ಕೇ ಸಿಕ್ಕಿತ್ತು. ಅದೇ ವರ್ಷ ಆಗಸ್ಟಿನಲ್ಲಿ, ಹಿಂಬದಿ ಕೆಳಗಾಗಿ ಓರೆಯಾಗಿ ಬಿದ್ದರೆ ಹಾರುತ್ತದೆ ಎಂದು ಹೊರಗಿನವರು ತೋರಿಸಿದರು. ಕಂಪನಿ ಹಗುರವಾದ ಟ್ರಿಗರ್ ಮುಂತಾದ ಬದಲಾವಣೆಗಳನ್ನು ಉಚಿತವಾಗಿ ಮಾಡಿಕೊಡಲು ಶುರುಮಾಡಿತು. ಟ್ರಿಗರ್ ಮುಟ್ಟದೆಯೇ ಹಾರುತ್ತದೆ ಎಂಬ ನಂತರದ ಆರೋಪಗಳನ್ನು ಕಂಪನಿ ಬಲವಾಗಿ ಅಲ್ಲಗಳೆಯುತ್ತದೆ, ಕೋರ್ಟುಗಳಲ್ಲಿ ವಾದ ನಡೆದಿದೆ. ಹಳೆಯ ಪಿ320 ಯಾರಿಂದಲಾದರೂ ಕೊಳ್ಳುತ್ತಿದ್ದರೆ 2017ರ ಬದಲಾವಣೆ ಆಗಿದೆಯೇ ಎಂದು ಸೀರಿಯಲ್ ನಂಬರಿನಿಂದ ಖಚಿತ ಮಾಡಿಕೊಳ್ಳಿ.

ಅಮೆರಿಕದಲ್ಲಿ ಟೋಸ್ಟರ್ ಕೆಟ್ಟರೆ ಹಿಂದಕ್ಕೆ ತರಿಸುವ ಅಧಿಕಾರ ಸರ್ಕಾರದ ಗ್ರಾಹಕ ಸುರಕ್ಷತಾ ಆಯೋಗಕ್ಕಿದೆ, ಪಿಸ್ತೂಲಿನ ಮೇಲೆ ಇಲ್ಲ. 1972ರ ಕಾಯ್ದೆ ಬಂದೂಕುಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ಆದ್ದರಿಂದ ಮೇಲೆ ಹೇಳಿದ ಹಿಂಪಡೆತಗಳೆಲ್ಲ ಕಂಪನಿಗಳು ತಾವಾಗಿ ಮಾಡಿದ್ದು. ತಾವಾಗಿ ಮಾಡದಿದ್ದರೆ ಉಳಿಯುವುದು ಕೋರ್ಟು. ಬ್ರೆಜಿಲಿನ ಟಾರಸ್ ಕಂಪನಿ 9 ಮಾದರಿಗಳ ವಿಚಾರದಲ್ಲಿ 2015ರಲ್ಲಿ ಒಪ್ಪಂದಕ್ಕೆ ಬಂದದ್ದು ಅಂಥ ಮೊಕದ್ದಮೆಯಿಂದಲೇ. ಇದು ನನಗೆ ನಿಜಕ್ಕೂ ಕೋಪ ತರಿಸುವ ಸಂಗತಿ. ಬ್ರೆಡ್ ಸುಡುವ ಯಂತ್ರಕ್ಕಿರುವ ಕಾವಲು ಗುಂಡು ಹಾರಿಸುವ ಯಂತ್ರಕ್ಕಿಲ್ಲ. ಹಾಗಾಗಿ ನೀವೇ ಆಗಾಗ ಕಂಪನಿಯ ತಾಣದಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಬೇಕು.

ಎಷ್ಟು ಗುಂಡು ಹೊಡೆದರೆ ನಂಬಬಹುದು

50 ಗುಂಡಿನ ಒಂದು ಡಬ್ಬಿ ತಡೆಯಿಲ್ಲದೆ ಖಾಲಿಯಾದರೆ "ಪಕ್ಕಾ" ಎನ್ನುವವರಿದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಒಂದೂ ತಡೆ ಇಲ್ಲದಿದ್ದಾಗ 3ನ್ನು ಹೊಡೆದ ಗುಂಡಿನ ಸಂಖ್ಯೆಯಿಂದ ಭಾಗಿಸಿ. ನಿಜವಾದ ತಡೆಯ ಪ್ರಮಾಣ ಶೇ 95ರಷ್ಟು ಭರವಸೆಯಿಂದ ಅದಕ್ಕಿಂತ ಕಡಿಮೆ ಎನ್ನಬಹುದು. 50ಕ್ಕೆ ಅದು ಶೇ 6. 200ಕ್ಕೆ ಶೇ 1.5. ಅಂದರೆ 50ರ ಪರೀಕ್ಷೆ ಪಾಸಾದ ಪಿಸ್ತೂಲು ಹದಿನೇಳಕ್ಕೊಮ್ಮೆ ನಿಲ್ಲುವಂಥದ್ದೂ ಆಗಿರಬಹುದು. ಕ್ಯಾಲಿಫೋರ್ನಿಯಾದ ಕಾನೂನು ಪ್ರತಿ ಮಾದರಿಯ 3 ಪಿಸ್ತೂಲುಗಳಿಂದ ತಲಾ 600 ಗುಂಡು ಹೊಡೆಸುತ್ತದೆ. ಮೊದಲ 20ರಲ್ಲಿ ತಡೆ ಇರಬಾರದು, ಒಟ್ಟು 6ಕ್ಕಿಂತ ಹೆಚ್ಚಿರಬಾರದು. ಅದು ಆ ಮಾದರಿಗೆ ಸಿಕ್ಕ ಅಂಕವೇ ಹೊರತು ನಿಮ್ಮ ಕೈಯಲ್ಲಿರುವ ಪಿಸ್ತೂಲಿಗಲ್ಲ. 1911ರಲ್ಲಿ ಕೋಲ್ಟ್ ಪಿಸ್ತೂಲು ಅಮೆರಿಕದ ಸೈನ್ಯದ ಪರೀಕ್ಷೆಯಲ್ಲಿ 6,000 ಗುಂಡನ್ನು ಒಂದೂ ತಡೆಯಿಲ್ಲದೆ ಹಾರಿಸಿತ್ತು. ನೂರು ವರ್ಷದ ನಂತರ ಮೊದಲ ಡಬ್ಬಿಯಲ್ಲೇ ನಿಲ್ಲುವ ಪಿಸ್ತೂಲನ್ನು "ಹೊಸದಲ್ವಾ, ಹಾಗೇ" ಎಂದು ಮಾರುವವರ ಮಾತು ಕೇಳಬೇಕಾಗಿಲ್ಲ.

ಭಾರತದಲ್ಲಿ ಪರವಾನಗಿಯಲ್ಲಿ ನಮೂದಾದಷ್ಟೇ ತೋಟಾ ಸಿಗುವುದರಿಂದ 200ರ ಪರೀಕ್ಷೆ ಹೆಚ್ಚಿನವರಿಗೆ ಆಗದ ಮಾತು. ಡಮ್ಮಿ ತೋಟಾ ತುಂಬಿ ಸ್ಲೈಡನ್ನು ಕೈಯಲ್ಲಿ ಜಗ್ಗಿ ಬಿಟ್ಟು ಒಳಹೋಗುವುದು, ಹೊರಬರುವುದು ಎರಡನ್ನೂ ನೋಡಬಹುದು. ಒಳಹೋಗುವ ದೋಷದ ದೊಡ್ಡ ಪಾಲು ಇದರಲ್ಲೇ ಸಿಕ್ಕಿಬೀಳುತ್ತದೆ. ರಿಪೇರಿಗೆ ಪರವಾನಗಿ ಇರುವ ಡೀಲರ್ ಮೂಲಕವೇ ಕೊಡಿ, ರಸೀದಿ ಇಲ್ಲದೆ ಕೈಬಿಡಬೇಡಿ.

ಕಂಪನಿಗೆ ಬರೆಯುವಾಗ

ಬೈಗುಳ ಬೇಡ, ವಿವರ ಕೊಡಿ. ಮಾದರಿ, ಸೀರಿಯಲ್ ನಂಬರ್, ಒಟ್ಟು ಎಷ್ಟು ಗುಂಡು, ಎಷ್ಟನೆಯದಕ್ಕೆ ಯಾವ ಬಗೆಯ ತಡೆ, ಯಾವ ಮ್ಯಾಗಜಿನ್, ತೋಟಾದ ಕಂಪನಿ, ತೂಕ, ಡಬ್ಬಿಯ ಮೇಲಿನ ಲಾಟ್ ನಂಬರ್. ಫೋಟೊ ಲಗತ್ತಿಸಿ. ತೊಂದರೆ ಕೊಟ್ಟ ಮ್ಯಾಗಜಿನ್ನನ್ನೂ ಜೊತೆಗೆ ಕಳಿಸಿ, ಖಾಲಿಯಾಗಿ. ತೋಟಾ ಎಂದೂ ಪಾರ್ಸೆಲಿನೊಳಗೆ ಹಾಕಬೇಡಿ.

ವಾಪಸ್ ಬಂದಾಗ "ಪರೀಕ್ಷಿಸಲಾಗಿದೆ, ಸರಿಯಿದೆ" ಎಂಬ ಒಂದೇ ಸಾಲಿನ ಚೀಟಿ ಇದ್ದರೆ ಒಪ್ಪಿಕೊಳ್ಳಬೇಡಿ. ಯಾವ ಭಾಗ ಬದಲಿಸಿದರು, ಎಷ್ಟು ಗುಂಡು ಹೊಡೆದು ನೋಡಿದರು ಎಂದು ಲಿಖಿತವಾಗಿ ಕೇಳಿ. ಆಮೇಲೆ ಅದೇ ಮ್ಯಾಗಜಿನ್, ಅದೇ ಕಂಪನಿಯ ಅದೇ ತೂಕದ ತೋಟಾ ಹಾಕಿ ಮೊದಲಿನಿಂದ ಲೆಕ್ಕ ಶುರುಮಾಡಿ. ಬೇರೆ ತೋಟಾ ಹಾಕಿ ಓಡಿತು ಎಂದು ಖುಷಿಪಟ್ಟರೆ ಸರಿಯಾದದ್ದು ಪಿಸ್ತೂಲೋ ತೋಟಾವೋ ಗೊತ್ತಾಗುವುದಿಲ್ಲ.